ಸ್ಲ್ಯಾಬಿನ ಮನೆಯ ಕೆಂಡ

ಮೋಟೆಬೆನ್ನೂರಿನಲ್ಲಿ ಕೂಸು ಹುಟ್ಟಿದರೆ ನೀರು ಹಾಕಲು ಅಕ್ಬರಬಿಯೇ ಬರಬೇಕು. ಯಾವ ಜಾತಿಯ ಮನೆಯಾದರೂ ಸರಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದೇ ಇಪ್ಪತ್ತೆಂಟು ವರ್ಷಗಳಿಂದ ಅವಳ ಬದುಕು. ಕೈ ಮೆತ್ತಗೆ, ಬಾಯಿ ಜೋರು.

ಈ ಸಲದ ಜನವರಿ ಥಂಡಿಗೆ ಊರೇ ಮುದುಡಿ ಕೂತಿತ್ತು. ಸೋಮಣ್ಣನ ಮಗಳು ಮೇಘಾ ಹಡೆದು ಹನ್ನೆರಡು ದಿನವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಅಕ್ಬರಬಿ ಬಾಣಂತಿ ಕೋಣೆಯ ಬಾಗಿಲು ತಳ್ಳಿದರೆ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಕಿಟಕಿಯ ಸಂದಿಗೆಲ್ಲ ಹಳೆ ಬಟ್ಟೆ ತುರುಕಿದ್ದರು. ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ನಿಗಿನಿಗಿ ಅನ್ನುತ್ತಿತ್ತು.

“ತಲಿ ಸಿಡ್ಯಾಕತ್ತೇತಿ ಆಯಿ, ಏಳಾಕ ಆಗವಲ್ದು,” ಎಂದು ತೊದಲಿದಳು ಮೇಘಾ. ಪಕ್ಕದಲ್ಲಿ ಕೂಸು ಮಂಕಾಗಿ ಬಿದ್ದಿತ್ತು.

ಅಕ್ಬರಬಿ ಕೂಸನ್ನು ಎದೆಗೆ ಅವಚಿಕೊಂಡು, ಮೇಘಾಳ ತೋಳು ಹಿಡಿದು ಪಡಸಾಲೆಗೆ ಎಳೆದುಕೊಂಡು ಬಂದಳು. ಬಾಗಿಲು ಕಿಟಕಿ ಎಲ್ಲ ತೆರೆದಳು. ಮೇಘಾಳ ತಾಯಿ ಮೈಲವ್ವ ಅಡುಗೆಮನೆಯಿಂದ ಓಡಿ ಬಂದಳು.

“ಏನ್ ಮಾಡಾಕತ್ತಿ ಅಕ್ಬರಬಿ? ಥಂಡಿ ಹತ್ತಿದ್ರ ಯಾರು ನೋಡ್ತಾರ? ನಾನೂ ಕೆಂಡ ಕಾಸಿಕೊಂಡ ನಾಕು ಹಡದೇನಿ.”

“ನೀ ಹಡದದ್ದು ಹಂಚಿನ ಮನ್ಯಾಗ. ಹಂಚಿನ ಸಂದ್ಯಾಗ ಕೆಟ್ಟ ಗಾಳಿ ಹೊರಗ ಹೋಗ್ತಿತ್ತು. ಇದು ಸ್ಲ್ಯಾಬಿನ ಮನಿ. ಇಲ್ಲಿ ಅದು ಎಲ್ಲಿ ಹೋಗಬೇಕು? ಇವರ ಎದ್ಯಾಗ ಹೋಗೇತಿ.”

“ಹೊಗಿನ ಇಲ್ಲಲ್ಲ.”

“ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ಬಡಿಯೂದಿಲ್ಲ. ಅದಕ್ಕ ಮಂದಿ ಸಾಯ್ತಾರ.”

ಹೋದ ವರ್ಷ ಗುತ್ತಲದಲ್ಲಿ ಅವಳ ನಾದಿನಿ ಜುಬೇದಾ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವಳು ಮತ್ತೆ ಏಳಲಿಲ್ಲ. ನಿದ್ದೆಯಲ್ಲೇ ಹೋದಳು, ಪುಣ್ಯವಂತೆ ಎಂದಿದ್ದರು ಮಣ್ಣಿಗೆ ಬಂದವರು. ಆ ಮಾತು ನೆನೆದರೆ ಅಕ್ಬರಬಿಗೆ ಇಂದಿಗೂ ಮೈ ಉರಿಯುತ್ತದೆ.

ಸೋಮಣ್ಣ ಗಾಡಿ ತಂದ. ಬ್ಯಾಡಗಿಯ ಆಸ್ಪತ್ರೆಯಲ್ಲಿ ತಾಯಿಗೂ ಕೂಸಿಗೂ ಆಕ್ಸಿಜನ್ ಹಚ್ಚಿದರು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೆ ಹೊತ್ತಿಗೆ ಮೇಘಾ ಎದ್ದು ಕೂತಳು, ಕೂಸು ಹಾಲು ಕುಡಿಯಿತು.

ಆಸ್ಪತ್ರೆಗೆ ನೋಡಲು ಬಂದ ನೆಂಟರಿಗೆ ಮೈಲವ್ವ, “ಯಾರದೋ ದೃಷ್ಟಿ ತಾಗಿತ್ತು,” ಎಂದಳು. ಜೊತೆಗೇ ಬಂದು ಮೂಲೆಯಲ್ಲಿ ಕೂತಿದ್ದ ಅಕ್ಬರಬಿಗೆ ತಡೆಯಲಾಗಲಿಲ್ಲ.

“ದೃಷ್ಟಿ ಅಲ್ಲ, ನೀ ಇಟ್ಟ ಕೆಂಡ. ಖರೇ ಹೇಳು ಮೈಲವ್ವ, ಇವರ ಮನ್ಯಾಗೂ ಬಾಣಂತೇರು ಇರ್ತಾರ. ” ನೆಂಟರ ಕಡೆ ತಿರುಗಿದಳು. “ಕೆಂಡ ಬ್ಯಾಡ್ರಿ. ಕೂಸಿನ ತಲಿಗೆ ಟೊಪಗಿ, ಕಾಲಿಗೆ ಕಾಲಚೀಲ ಹಾಕ್ರಿ. ತಾಯಿ ಎದಿ ಮ್ಯಾಲ ಮೈಗೆ ಮೈ ಹಚ್ಚಿ ಮಲಗಿಸಿ ಹೊಚ್ರಿ, ಮಾರಿ ಮಾತ್ರ ತೆರೆದಿರ್ಲಿ. ತಾಯಿ ಮೈ ಬಿಸಿ ಸಾಕಾಗ್ತೇತಿ.”

ಮೈಲವ್ವ ಮುಖ ತಿರುಗಿಸಿದಳು. ಮೂರು ದಿನಕ್ಕೆ ಮೇಘಾ ಮನೆಗೆ ಬಂದಾಗ ನೀರು ಹಾಕಲು ಬೇರೆಯವಳನ್ನು ಕರೆಸಿದರು.

ಓಣಿಯಲ್ಲಿ ಸಿಕ್ಕ ಸೋಮಣ್ಣ ತಲೆ ತಗ್ಗಿಸಿ, “ಆಕಿ ಸಿಟ್ಟು ಇಳೀಲಿ, ಆಮ್ಯಾಲ ನಾನ ಬಂದು ಕರೀತೇನ್ರಿ,” ಎಂದ.

“ಆಕಿಗೆ ಸಿಟ್ಟೇನ? ಸಿಟ್ಟಿಗೇಳಬೇಕಾದಾಕಿ ನಾನು,” ಎಂದಳು ಅಕ್ಬರಬಿ. ಅವನ ಉತ್ತರಕ್ಕೆ ನಿಲ್ಲದೆ ಇನ್ನೊಂದು ಬಾಣಂತಿಯ ಮನೆಯತ್ತ ಹೆಜ್ಜೆ ಹಾಕಿದಳು.