ಮೂರು ಬೊಗಸೆ ನೀರು

ನಾನು ಚಿಕ್ಕವಳಿದ್ದಾಗ, ಪ್ರತಿ ವರ್ಷ ದಸರಾ ರಜ ಮುಗಿಯುವ ಹೊತ್ತಿಗೆ ನನ್ನ ಎರಡೂ ಜಡೆಗಳು ಗಬ್ಬು ವಾಸನೆ ಹೊಡೆಯುತ್ತಿದ್ದವು. ಸುಮ್ಮನೆ ಹೇಳುತ್ತಿಲ್ಲ ಮಕ್ಕಳೇ. ಕೊಳೆತ ಮೊಟ್ಟೆ, ಹಳಸಿದ ಸಾರು, ಒದ್ದೆ ಗೋಣಿಚೀಲ, ಮೂರನ್ನೂ ಒಂದೇ ಡಬ್ಬಿಗೆ ತುಂಬಿ, ವಾರ ಬಿಟ್ಟು ಮುಚ್ಚಳ ತೆಗೆದರೆ ಹೇಗಿರುತ್ತದೋ ಹಾಗೆ. ಅದು ಸೆಣಬು ಕೊಳೆಯುವ ವಾಸನೆ. ನಮ್ಮೂರಿನ ಬದುಕು ಅದರ ಮೇಲೆಯೇ ನಿಂತಿತ್ತು.

ಮೈಸೂರಿನಿಂದ ಬಸ್ಸಿನಲ್ಲಿ ಎರಡು ಗಂಟೆ ದೂರ. ಚಿಕ್ಕ ಹೊಳೆಯೊಂದು ಬಂಡೆಗಳನ್ನು ದಾಟಿ ಕುಡುಗೋಲಿನ ಹಾಗೆ ಬಾಗುವ ಕಡೆ ಮೂವತ್ತು ಮನೆಗಳು. ನಮ್ಮ ಹಿರಿಯರು ಅಲ್ಲಿ ಬಂದು ನೆಲೆ ನಿಂತದ್ದು ಹೊಳೆಗಾಗಿ ಅಲ್ಲವಂತೆ. ಬಾಗಿನ ಕೊನೆಯಲ್ಲಿ, ಹೊಳೆಯಿಂದ ಕಡಿದುಹೋಗಿ ನಿಂತಿದ್ದ ಒಂದು ಆಳವಾದ ಮಡುವಿಗಾಗಿ. ಸೆಣಬಿನ ಗಿಡಗಳನ್ನು ಕಟ್ಟು ಕಟ್ಟಿ ಆ ಮಡುವಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ವಾರ ಕಾಲ ಕೊಳೆಸಿ, ನಾರು ಸುಲಿದು ಹಗ್ಗ ಹೊಸೆಯುತ್ತಿದ್ದರು. ಸುತ್ತಲಿನ ಊರುಗಳ ಬಾವಿಹಗ್ಗವೆಲ್ಲ ನಮ್ಮೂರಿನದೇ.

ಹೊಳೆಗೂ ಒಂದು ಕ್ರಮವಿತ್ತು. ಎಲ್ಲಕ್ಕಿಂತ ಮೇಲೆ, ಬಂಡೆಗಳ ಬುಡದಲ್ಲಿ, ಕುಡಿಯುವ ನೀರಿನ ರೇವು. ಅದರ ಕೆಳಗೆ ಸ್ನಾನ, ಆಮೇಲೆ ಬಟ್ಟೆ, ಆಮೇಲೆ ದನ. ಕಟ್ಟಕಡೆಗೆ ಆ ಮಡು. ಯಾರಾದರೂ ಕ್ರಮ ತಪ್ಪಿ ಮೇಲಿನ ನೀರು ಕೆಡಿಸಿದರೆ, ಆ ಮನೆಯ ಯಜಮಾನ ಎಲ್ಲರೆದುರು ಆ ನೀರನ್ನೇ ಮೂರು ಬೊಗಸೆ ಕುಡಿಯಬೇಕು. ಬೇರೆ ದಂಡವಿಲ್ಲ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಊರಿನ ಗೌಡರಾಗಿದ್ದ ನಮ್ಮಪ್ಪ. ನನಗೆ ಒಂಬತ್ತು ವರ್ಷವಾಗಿದ್ದಾಗ, ಎದುರುಮನೆ ಮಾವ ಕುಡಿಯುವ ರೇವಿನಲ್ಲಿ ಎಮ್ಮೆ ತೊಳೆದಾಗ, ಅಪ್ಪನೇ ಎದುರಿಗೆ ನಿಂತು ಕುಡಿಸಿದ್ದರು.

ನಾನು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಾನ್ವೆಂಟಿನಲ್ಲಿ ಓದುತ್ತಿದ್ದೆ. ದಸರಾ ರಜಕ್ಕೆ ಊರಿಗೆ ಹೋದರೆ ಅದೇ ಸೆಣಬಿನ ಕಾಲ. ವಾಪಸು ಬಂದ ದಿನ ನನ್ನ ಬೆಂಚಿನ ಹುಡುಗಿಯರು ಒಬ್ಬೊಬ್ಬರಾಗಿ ಆಚೆ ಸರಿಯುತ್ತಿದ್ದರು. ಒಬ್ಬಳಂತೂ ಕರ್ಚೀಫಿಗೆ ಪೌಡರ್ ಸುರಿದು, ಸಂಜೆಯವರೆಗೂ ಮೂಗಿಗೆ ಹಿಡಿದು ಕೂತಿದ್ದಳು. ಪಾಠ ಮಾಡುತ್ತಿದ್ದ ಸಿಸ್ಟರ್ ಮೆಲ್ಲಗೆ ಬಂದು ನನ್ನ ಪಕ್ಕದ ಕಿಟಕಿ ತೆರೆದು ಹೋದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಅದೇ ಸಿಸ್ಟರ್ ಆರೋಗ್ಯದ ಪಾಠದಲ್ಲಿ, ನಿಂತ ನೀರು ಹೊಲಸು, ಹರಿಯುವ ನೀರು ಚೊಕ್ಕಟ ಎಂದು ಹೇಳಿಕೊಟ್ಟಿದ್ದರು. ನನಗೆ ಹತ್ತು ವರ್ಷ. ಪಾಠವನ್ನು ಗಟ್ಟಿಯಾಗಿ ನಂಬುವ ವಯಸ್ಸು.

ಆ ವರ್ಷದ ರಜದಲ್ಲಿ ಅಪ್ಪ ಅಕ್ಕನಿಗೂ ನನಗೂ ಎಂದು ಸೆಣಬಿನ ಆರು ಪುಟ್ಟ ಕಟ್ಟುಗಳನ್ನು ಬೇರೆ ಇಟ್ಟಿದ್ದರು.

“ನೀ ಮುಂದೆ ನಡಿ, ಒಲೆ ಮ್ಯಾಲೆ ಸಾರದೆ,” ಎಂದಳು ಅಕ್ಕ. “ಮಡುವಿಗೆ ಹಾಕ್ಬುಟ್ಟು ಬಾ. ಮೂಗು ಮುಚ್ಕೊಂಡು ಮಹಾರಾಣಿ ಹಂಗೆ ನಿಂತ್ಕೋಬೇಡ.”

ಹೋದೆ. ಇದ್ದಿಲು ಕಲಸಿದಂತೆ ಕಪ್ಪಾದ ನೀರು. ಅಡಿಯಿಂದ ಗುಳ್ಳೆ ಎದ್ದು ಒಡೆದಾಗಲೆಲ್ಲ ಒಂದು ಹೊಸ ಅಲೆ ವಾಸನೆ. ಕೆನೆಯ ಹಾಗೆ ಕಟ್ಟಿದ ಲೋಳೆಯ ಮೇಲೆ ಸತ್ತ ಕಪ್ಪೆಯೊಂದು ಬಿಳಿ ಹೊಟ್ಟೆ ತೋರಿಸಿಕೊಂಡು ತೇಲುತ್ತಿತ್ತು. ಹೋದ ವರ್ಷ ಸುಲಿಯುವಾಗ ಬೆರಳಿಗೆ ಅಂಟಿದ ಲೋಳೆ, ಉಗುರಿನ ಸಂದಿಯ ಹಸಿರು, ಎಲ್ಲ ನೆನಪಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಆಗ ಪಾಠವೂ ನೆನಪಾಯಿತು. ಹರಿಯುವ ನೀರಿಗೆ ಹಾಕಿದರೆ ವಾಸನೆಯೇ ಬರುವುದಿಲ್ಲವಲ್ಲ!

ಎರಡು ಸಲ ಹೊತ್ತು, ಆರೂ ಕಟ್ಟುಗಳನ್ನು ಮೇಲಿನ ಬಂಡೆಗಳ ಹತ್ತಿರ ಒಯ್ದೆ. ಸಡಿಲವಾಗಿದ್ದವನ್ನು ಮತ್ತೆ ಬಿಗಿದೆ. ಕುಡಿಯುವ ರೇವಿನ ನೆತ್ತಿಯ ಮೇಲಿದ್ದ ಬಂಡೆಯ ಸಂದಿಗೆ ತುರುಕಿ ಕಲ್ಲು ಹೇರಿದೆ. ಅಕ್ಕ ಕೇಳಿದಾಗ ಹಾಕಿದೆ ಎಂದೆ. ನನ್ನಷ್ಟು ಜಾಣೆ ಊರಲ್ಲಿ ಇನ್ನಾರೂ ಇಲ್ಲವೆಂದು ಎಣಿಸಿಕೊಂಡು ಮಲಗಿದೆ.

ಐದನೆಯ ದಿನ ಬೆಳಗ್ಗೆ ಬಿಂದಿಗೆ ಹೊತ್ತು ಹೋದ ಅಕ್ಕ ಖಾಲಿ ಬಿಂದಿಗೆ ಹಿಡಿದು ಓಡಿಬಂದಳು. “ಅಪ್ಪ, ನೀರು ಕೆಟ್ಟೋಗದೆ.”

ಊರಿಗೆ ಊರೇ ರೇವಿನಲ್ಲಿ ನಿಂತಿತ್ತು. ಕಲ್ಲುಗಳ ನಡುವೆ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಎಣ್ಣೆಯಂಥ ಪೊರೆ ಕಟ್ಟಿತ್ತು. ಅಂಚಿನಲ್ಲಿ ಬೆರಳುದ್ದದ ಮೀನುಗಳು ಸತ್ತು ಬಿದ್ದಿದ್ದವು. ಹಾಲು ಕುಡಿಯುವ ಕೂಸನ್ನು ಸೊಂಟದಲ್ಲಿ ಎತ್ತಿಕೊಂಡ ಹೆಂಗಸೊಬ್ಬಳು ಬರಿಗೊಡ ಹಿಡಿದು ಸುಮ್ಮನೆ ನೀರನ್ನೇ ನೋಡುತ್ತಿದ್ದಳು. ಎದುರುಮನೆ ಮಾವ ಬಂಡೆಯ ಸಂದಿಗೆ ಕೈ ಹಾಕಿ ಒಂದು ಕಟ್ಟು ಎಳೆದರು. ಕೊಳೆತ ಸಿಪ್ಪೆ ಅವರ ಮೊಣಕೈವರೆಗೂ ಜಾರಿಕೊಂಡು ಇಳಿಯಿತು.

“ಗೌಡ್ರೇ, ಈ ಗಂಟು ನೋಡಿ. ನಮ್ಮೋರು ಇಂಗೆ ಕಟ್ಟಾಕಿಲ್ಲ.”

ಊರಿನವರು ಸೆಣಬಿನ ಕಟ್ಟಿಗೆ ಹುರಿ ತಿರುಚಿ ಒಳಗೆ ಸಿಕ್ಕಿಸುತ್ತಿದ್ದರು. ಇದು ಎರಡು ಕಿವಿ ಬಿಟ್ಟ ಗಂಟು, ಕಾನ್ವೆಂಟಿನಲ್ಲಿ ಕಲಿತ ರಿಬ್ಬನ್ ಗಂಟು. ಎಲ್ಲರ ಕಣ್ಣು ಒಟ್ಟಿಗೆ ನನ್ನ ಜಡೆಗಳ ಕಡೆ ತಿರುಗಿತು.

“ಯಾಕವ್ವಾ?” ಎಂದರು ಅಪ್ಪ.

“ಹರಿಯೋ ನೀರು ಚೊಕ್ಕಟ ಅಂತ ಸಿಸ್ಟರ್ ಹೇಳಿದ್ರು.”

“ಹರ್ಕೊಂಡು ಎಲ್ಲಿಗೆ ಹೋಯ್ತದೆ ಅಂತ ಹೇಳ್ಕೊಡ್ನಿಲ್ವಾ?”

ಯಾರೋ ನಕ್ಕರು. ಇನ್ಯಾರೋ, “ಮಗ ಚಿಕ್ದು, ಬುಡಿ ಗೌಡ್ರೇ,” ಎಂದರು. ಅಪ್ಪ ಎದುರುಮನೆ ಮಾವನ ಮುಖ ನೋಡಿ, “ನಿಂಗೆ ಬುಟ್ಟಿದ್ನಾ?” ಎಂದು ಕೇಳಿದರು.

“ಎಲ್ ಬುಟ್ರಿ,” ಎಂದರು ಮಾವ. “ಕೆಳಗಿಂದ ಮೊಗೀರಿ ಗೌಡ್ರೇ. ರುಚಿಯೆಲ್ಲ ತಳದಾಗೇ ಇರೋದು.”

ಅಪ್ಪ ಪಂಚೆ ಎತ್ತಿ ಕಟ್ಟಿ ನೀರಿಗೆ ಇಳಿದರು. ಮೊದಲನೆಯ ಬೊಗಸೆ ಕಣ್ಣು ಮುಚ್ಚಿ ಕುಡಿದರು. ಎರಡನೆಯದಕ್ಕೆ ಪೊರೆ ಮೀಸೆಗೆ ಅಂಟಿಕೊಂಡು ತೂಗಾಡಿತು. ಮೂರನೆಯದು ಗಂಟಲಲ್ಲಿ ನಿಂತಿತು. ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಉಗುಳದೆ ನುಂಗಿದರು. ಕಕ್ಕಿದವಳು ನಾನು. ಬೆಳಗಿನ ರೊಟ್ಟಿಯೆಲ್ಲ ಲಂಗದ ಮೇಲೆ ಬಂತು. ಸಿಸ್ಟರ್ ಕಿಟಕಿ ತೆರೆದ ದಿನ ನನ್ನ ಮೈಯ ವಾಸನೆಗೆ ನಾಚಿದ್ದೆ. ಆ ಬೆಳಗ್ಗೆ ನನಗೆ ನಾನೇ ಹೇಸಿಗೆಯಾದೆ.

ಎದುರುಮನೆ ಮಾವ ಸೊಂಟದ ಚೀಲದಿಂದ ಬೆಲ್ಲದ ಚೂರು ತೆಗೆದು ಅಪ್ಪನ ಕೈಗಿಟ್ಟರು. “ಮೂರನೇದೇ ಕಷ್ಟ. ನಂಗೂ ಅಂಗೇ ಆಗಿತ್ತು. ಕಚ್ಕೊಳ್ಳಿ.”

ಅಪ್ಪ ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರು. ಬೈಯಲಿಲ್ಲ. ಕಟ್ಟುಗಳನ್ನೆಲ್ಲ ಮಡುವಿಗೆ ಸಾಗಿಸಿದ ಮೇಲೆ, ಮೂರನೆಯ ದಿನ ಹೊಳೆ ತಿಳಿಯಾಗಿ ತಳದ ಹರಳುಗಳು ಕಂಡವು. ಅಂದು ನಾನು ಅಕ್ಕನ ಜೊತೆ ಮಡುವಿಗೆ ಇಳಿದು ನಾರು ಸುಲಿದೆ. ವಾಸನೆ ಏನೂ ಕಡಿಮೆಯಾಗಿರಲಿಲ್ಲ. ಅದು ಹೊಲಸೇ. ಆದರೆ ಆ ಹೊಲಸಿಗೆ ಒಂದು ಜಾಗವಿತ್ತು.

ಈಗ ಮೈಸೂರಿನಂಚಿನ ಹಿನಕಲ್‌ನ ನಮ್ಮ ಮನೆಯ ಹಿಂದೆ ಒಂದು ಮೋರಿ ಹರಿಯುತ್ತದೆ. ಹಿಂದೆ ಅದು ತೊರೆಯಾಗಿತ್ತು ಎನ್ನುತ್ತಾರೆ ಹಳಬರು. ಕಪ್ಪು ನೀರಿನ ಮೇಲೆ ಬೆಳ್ಳಗೆ ಶಾಂಪೂ ನೊರೆ. ಮೊಮ್ಮಕ್ಕಳು ಹಿತ್ತಲಿಗೆ ಬಂದರೆ ಮೂಗು ಹಿಡಿದು “ಛೀ” ಎನ್ನುತ್ತಾರೆ, ಒಳಗೆ ಹೋಗಿ ಫಿಲ್ಟರ್ ನೀರು ಕುಡಿಯುತ್ತಾರೆ. ಯಾರ ಮನೆಯ ಕೊಳೆ ಎಂದು ಅವರಿಗೂ ಗೊತ್ತಿಲ್ಲ, ಅವರ ಅಪ್ಪನಿಗೂ ಗೊತ್ತಿಲ್ಲ.

ಕಳೆದ ವಾರ ಬಟ್ಟೆ ಒಣಹಾಕುವಾಗ, ಮೋರಿಯ ಕಲ್ಲಿಗೆ ಸಿಕ್ಕಿಕೊಂಡ ಕಸದ ಕವರೊಂದು ಕಣ್ಣಿಗೆ ಬಿತ್ತು. ಬಾಯಿಗೆ ಅಂದವಾಗಿ ಎರಡು ಕಿವಿ ಬಿಟ್ಟ ಗಂಟು. ಅದನ್ನು ಮೊಮ್ಮಗಳಿಗೆ ಕಲಿಸಿದವಳು ನಾನೇ. ಅವಳನ್ನು ಕರೆದು ತೋರಿಸಿದೆ. ಕಸದ ಗಾಡಿ ಹೊರಟುಹೋಗಿತ್ತು, ಅದಕ್ಕೇ ಕಾಂಪೌಂಡಿನಾಚೆ ಎಸೆದೆ ಎಂದಳು. ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆ.

ಕೇಳಿ ಮುಗಿಸಿ ಮೋರಿಯ ಕಡೆ ನೋಡಿದಳು. “ಅಜ್ಜಿ, ಹಾಗಾದ್ರೆ ಇದನ್ನ ಅಪ್ಪ ಕುಡೀಬೇಕಾ?”

“ಬೇಡ ಕಣಮ್ಮ. ನಮ್ಮಪ್ಪ ಕುಡಿದ್ರೂ ಬದುಕಿದ್ರು. ಇದನ್ನ ಕುಡಿದೋರು ಬದುಕಲ್ಲ.”

ಅವಳು ಒಳಗೆ ಹೋಗಿ ಮಾವಿನಕಾಯಿ ಕೀಳುವ ಕೊಕ್ಕೆ ತಂದಳು. ಇಬ್ಬರೂ ಸೇರಿ ಕವರನ್ನು ಮೇಲಕ್ಕೆ ಎಳೆದೆವು. ಕಪ್ಪು ನೀರು ಅವಳ ಕೈಮೇಲೆ ಇಳಿಯಿತು. ಓಕರಿಸಿದಳು, ಆದರೆ ಕೊಕ್ಕೆ ಬಿಡಲಿಲ್ಲ.