ಶನಿಯಾರನ ಹೊಟ್ಟೆ ಮತ್ತು ನಲವತ್ತು ಮನೆಯ ಬೆಲ್ಲ

ನಲವತ್ತೊಂದನೆಯ ಇಸವಿಯಲ್ಲಿ ಕುಮಟೆಯಿಂದ ಸಂತೆಗುಳಿಗೆ ನಡೆದು ಟಪಾಲು ಹಂಚುತ್ತಿದ್ದ ಶನಿಯಾರನ ಹೊಟ್ಟೆ ಅವನಿಗಿಂತ ಅರ್ಧ ಮೈಲಿ ಮೊದಲೇ ಊರು ಸೇರುತ್ತಿತ್ತು. ಹೊಟ್ಟೆ ಕಂಡವರು ಕಾಗದ ಬಂತೆಂದು ಅಂಗಳಕ್ಕಿಳಿದು ಎಲೆಯಡಿಕೆ ಕವಳ ಹಾಕಿ ಮುಗಿಸುವಷ್ಟರಲ್ಲಿ ಉಳಿದ ಶನಿಯಾರ ಬರುತ್ತಿದ್ದ.

ಆ ವರ್ಷ ತಪಾಸಣೆಗೆ ಬಂದ ಸಾಹೇಬರು ಮಾತ್ರ ನಗಲಿಲ್ಲ. "ಒಂದು ತಿಂಗಳು ಬಿಟ್ಟು ಬರ್ತೇನೆ. ಈ ಪಟ್ಟಿ ನಿನ್ನ ಸೊಂಟಕ್ಕೆ ಸುತ್ತದಿದ್ರೆ ಚೀಲ ಬೇರೆಯವನ ಹೆಗಲಿಗೆ," ಎಂದು ಸರಕಾರಿ ಸೊಂಟಪಟ್ಟಿಯನ್ನು ಕೈಗಿಟ್ಟು ಹೋದರು. ಹದಿನಾಲ್ಕು ವರ್ಷ ಆ ಚೀಲ ಹೊತ್ತವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಹೆಂಡತಿ ಬಂಗಾರಿ, ಕೊಬ್ಬು ಬರುವುದು ತೆಂಗಿನಕಾಯಿಯಿಂದಲೇ ಎಂದು ತೀರ್ಮಾನಿಸಿ, ಕಾಯಿ ತುರಿಯುವ ಮಣೆಯನ್ನು ಅಟ್ಟಕ್ಕೆ ಹಾಕಿದಳು. ಕಾಯಿಯಿಲ್ಲದ ಮೀನುಸಾರು! ನಮ್ಮ ಕಡೆ ಅದನ್ನು ಶತ್ರುವಿಗೂ ಬಡಿಸುವುದಿಲ್ಲ. ಅವರ ಮನೆಯ ಬೆಕ್ಕು ಬೇಸತ್ತು ಹೊನ್ನಾವರವನ್ನೂ ದಾಟಿ ಶರಾವತಿ ಹೊಳೆಯ ಆಚೆ ದಡ ಸೇರಿತು. ಹದಿನೈದು ದಿನ ಶನಿಯಾರ ಕಣ್ಣೀರಲ್ಲೇ ಅನ್ನ ಕಲಸಿ ಉಂಡ. ಹೊಟ್ಟೆ ಎರಡು ಬೆರಳು ಮುಂದೆಯೇ ಬಂತು.

ಹೆದರಿ ಡಾಕ್ಟರ್ ಕೃಷ್ಣಾನಂದರ ಹತ್ತಿರ ಓಡಿದ.

"ಕಾಯಿ ಬಿಟ್ಟಾತು ಡಾಕ್ಟ್ರೇ. ಇನ್ನು ಎಂತ ಬಿಡುದು, ಉಸ್ರಾ?"

"ದಿನಾ ಎಷ್ಟು ಮನೆಗೆ ಹೋಗ್ತೆ?"

"ನಲವತ್ತು."

"ಎಲ್ಲಾ ಕಡೆ ಬೆಲ್ಲ-ನೀರು ಕೊಡ್ತಾರಾ?"

"ಕೊಡ್ದೆ ಮತ್ತೆ? ಬೆಲ್ಲ ಕಚ್ದೆ ಬರೀ ನೀರು ಕುಡುದು ಹ್ಯಾಂಗೆ?"

ಡಾಕ್ಟರು ಹಣೆ ಚಚ್ಚಿಕೊಂಡರು. "ಮೈಯ ಕಣಕಣದಲ್ಲೂ ಒಂದೊಂದು ಒಲೆ ಉಂಟು ಮಾರಾಯ. ಬೆಲ್ಲ ಅದಕ್ಕೆ ಸೌದೆ. ನಡೀಲಿಕ್ಕೆ ಬೇಕಾದಷ್ಟು ಉರೀತದೆ, ಸ್ವಲ್ಪ ಲಿವರು ಕೂಡಿಡ್ತದೆ. ಆ ಉಗ್ರಾಣ ತುಂಬಿದ ಮೇಲೆ ಬಂದ ಬೆಲ್ಲವೆಲ್ಲ ಕೊಬ್ಬಾಗಿ ಹೊಟ್ಟೆಗೆ ಹೋಗ್ತದೆ, ನೀನು ಎಣ್ಣೆ ಮುಟ್ಟದಿದ್ರೂ! ಬೆಲ್ಲ ನಿಲ್ಸು. ಆಗ ಒಲೆ ಆ ಕೊಬ್ಬನ್ನೇ ಎಳೆದು ಸುಡ್ತದೆ. ತೂಕಕ್ಕೆ ತೂಕ ಹಿಡಿದ್ರೆ ಅದು ಬೆಲ್ಲಕ್ಕಿಂತ ಎರಡು ಪಟ್ಟು ಶಾಖ ಕೊಡ್ತದೆ."

ಹೇಳುವುದು ಸುಲಭ. ಮರುದಿನ ಸಂತೆಗುಳಿಯಲ್ಲಿ, ಮಗಳ ಕಾಗದಕ್ಕಾಗಿ ಕಾದು ಕೂತಿದ್ದ ನರ್ಮದಕ್ಕನ ಬೆಲ್ಲ ಬಿಟ್ಟು ನೀರಷ್ಟೇ ಕುಡಿದ.

"ಎಂತದೋ ಶನಿಯಾರ? ಎನ್ನ ಮನೆ ಬೆಲ್ಲದಲ್ಲಿ ಮಣ್ಣು ಇದ್ದನೋ?" ಮುದುಕಿ ಬೆಲ್ಲದ ತಟ್ಟೆಯನ್ನು ಇನ್ನಷ್ಟು ಮುಂದೆ ಸರಿಸಿದಳು.

ಅವನಿಗೆ ತಡೆಯಲಾಗಲಿಲ್ಲ. ತುಂಡನ್ನು ಬಾಯಿಗಿಟ್ಟಂತೆ ಮಾಡಿ ಅಂಗಿಯೊಳಗೆ ಬಿಟ್ಟ. ಅಂದಿನಿಂದ ನಲವತ್ತೂ ಮನೆಯಲ್ಲಿ ಅದೇ ಉಪಾಯ. ಬಂಗಾರಿಯ ಹಿತ್ತಲಲ್ಲಿ ಬೆಲ್ಲದ ಗುಡ್ಡ ಎದ್ದು ಕಡಲೇ ಕಾಣದಾಯಿತು. ಇರುವೆಗಳು ಭಟ್ಕಳದಿಂದ ದಿಬ್ಬಣ ಕಟ್ಟಿಕೊಂಡು ಬಂದವು.

ತಿಂಗಳಾಯಿತು. ಶನಿಯಾರ ಸಂತೆಗುಳಿಯಿಂದ ಮರಳುವಾಗ ಸಾಹೇಬರು ದಾರಿಯಲ್ಲೇ ಎದುರಾದರು.

"ಹೊಟ್ಟೆ ಹಾಗೇ ಇದೆಯಲ್ಲೋ!" ಎಂದು ಕೋಲಿನಿಂದ ತಿವಿದರು. ಟಣ್ ಎಂದಿತು.

ಶನಿಯಾರ ಅಂಗಿ ಎತ್ತಿದ. ನಲವತ್ತು ತುಂಡು ಬೆಲ್ಲ ದಡಬಡ ಉರುಳಿತು. ಒಳಗಿದ್ದವನು ಒಂದು ಹಿಡಿಯಷ್ಟಾಗಿದ್ದ. ಸೊಂಟಪಟ್ಟಿ ಸುತ್ತಿ ನಾಲ್ಕು ಬೆರಳು ಮಿಕ್ಕಿತು.

"ಇದೆಲ್ಲ ಎಂತದು?"

"ಮನೆಮನೆಯವ್ರು ಕೊಟ್ಟದ್ದು. ಬೇಡ ಅಂದ್ರೆ ಅವ್ಕೆ ಬೇಜಾರಾಗ್ತದಲ್ರಾ, ಸಾಹೇಬ್ರೇ."

ಸಾಹೇಬರು ಕೋಲನ್ನು ಕಂಕುಳಿಗೆ ಸಿಕ್ಕಿಸಿ ಬಗ್ಗಿದರು. ಆಮೇಲೆ ಒಂದು ತುಂಡು ಹೆಕ್ಕಿ ಮಣ್ಣು ಒರೆಸಿ ಬಾಯಿಗೆ ಹಾಕಿಕೊಂಡು, "ನೀರು ಎಲ್ಲಿ ಸಿಗ್ತದೆ?" ಎಂದರು. ಚೀಲ ಶನಿಯಾರನ ಹೆಗಲಲ್ಲೇ ಉಳಿಯಿತು.

ಆ ಸಂಜೆ ಬಂಗಾರಿ ತುರಿಯುವ ಮಣೆಯನ್ನು ಅಟ್ಟದಿಂದ ಇಳಿಸಿದಳು. ಕಾಯಿ ಒಡೆದ ಸದ್ದಿಗೆ, ಶರಾವತಿ ಈಜಿಕೊಂಡು, ಬೆಕ್ಕೂ ಬಂತು.