ಮಾತಿಲ್ಲದ ನಾಲ್ಕು ನಿಮಿಷ

ಮೌನಕ್ಕಿಂತ ದೊಡ್ಡ ಭಾಷೆ ಲೋಕದಲ್ಲಿಲ್ಲ. ಸಾಕ್ಷ್ಯಚಿತ್ರ ತೆಗೆಯುವ ನಾನು ಇದನ್ನು ಊರೂರಲ್ಲಿ ಮೈಕು ಹಿಡಿದು ಹೇಳುತ್ತಿದ್ದೆ.

ಯಲ್ಲಾಪುರದಲ್ಲಿ ಹೊಳೆ ಉಳಿಸಲು ನಡೆದ ಧರಣಿಯ ಬಗ್ಗೆ ನಾನು ತೆಗೆದ ಚಿತ್ರದಲ್ಲಿ ಒಬ್ಬ ಅಜ್ಜಿಯ ಮುಖ ನಾಲ್ಕು ನಿಮಿಷ ತೆರೆಯ ಮೇಲಿರುತ್ತದೆ. ಆಕೆ ಆಡಿದ್ದನ್ನೆಲ್ಲ ಕತ್ತರಿಸಿ, ಮುಖವೊಂದೇ ಸಾಕೆಂದು ತೀರ್ಮಾನಿಸಿದ್ದೆ. ಆ ಕತ್ತರಿ ಕೆಲಸಕ್ಕೆ ನನಗೊಂದು ಶಾಲು ಕೂಡ ಹೊದಿಸಿದ್ದರು.

ಶಿರಸಿಯಲ್ಲಿ ಅದನ್ನು ತೋರಿಸಿದ ದಿನ ಅಜ್ಜಿಯ ಮಗಳು ಹುಲೇಕಲ್ಲಿನಿಂದ ಬಸ್ಸು ಹತ್ತಿ ಬಂದಿದ್ದಳು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತಾಯಿಯ ದನಿ ಕೇಳಲೆಂದೇ ಬಂದವಳು. ನಾನು ಪಕ್ಕದಲ್ಲೇ ಕೂತೆ. ಆ ನಾಲ್ಕು ನಿಮಿಷ ಶುರುವಾದ ಸ್ವಲ್ಪ ಹೊತ್ತಿಗೆ ಅವಳು ಪಿಸುಗುಟ್ಟಿದಳು:

"ಕರೆಂಟು ಹೋತಾ?"

"ಇಲ್ಲ, ನಿಮ್ಮ ಆಯಿ ಬಂದಿದ್ದಾರೆ."

"ಹೌದಾ! ಎಂತ ಹೇಳ್ತಾ ಇದ್ದು?"

"ಏನೂ ಹೇಳ್ತಿಲ್ಲ."

"ಮನೇಲಿ ಒಂದು ಗಳಿಗೆ ಬಾಯಿ ಮುಚ್ಚಿದ್ದಿಲ್ಲೆ ಆಯಿ. ನಿಮ್ಮ ಸಿನೆಮಾದಲ್ಲಿ ಎಂತಕ್ಕೆ ಸುಮ್ನಿದ್ದು ಮಾರಾಯ್ರೆ?"

ತೆರೆಯ ಮೇಲೆ ಕಂಡದ್ದನ್ನು ವರ್ಣಿಸತೊಡಗಿದೆ: ಹೆಗಲ ಮೇಲಿನ ಟವೆಲ್ಲು, ನಗು ತಡೆಹಿಡಿದ ತುಟಿ, ಮೂಗುತಿ. ಅವಳು ನನ್ನ ಮೊಣಕೈ ಹಿಡಿದಳು.

"ಮೂಗುತಿ ನಂಗೆ ಗೊತ್ತಿದ್ದು. ದನಿ ಇದ್ರೆ ಹಾಕಿ."

ಅಂದಿನಿಂದ ನನ್ನ ಚಿತ್ರಗಳಿಗೆಲ್ಲ ಕಣ್ಣಿಲ್ಲದವರಿಗಾಗಿ ಮಾತಿನ ವಿವರಣೆ ಇದೆ. ಬೇರೆಯವರೂ ಸೇರಿಸಲೆಂದು ಅರ್ಜಿ ಹಿಡಿದು ಸಿದ್ದಾಪುರದಿಂದ ಬೆಂಗಳೂರಿನವರೆಗೂ ಅಲೆದಿದ್ದೇನೆ. ಅಜ್ಜಿಯ ಮಾತನ್ನು ಎದುರು ಕೂತು ಕೇಳಿದವನು ನಾನು. ಈಗ ನೆನಪಿಸಿಕೊಳ್ಳಲು ಹೋದರೆ ಮುಖವಷ್ಟೇ ಬರುತ್ತದೆ.

ಮೂಲ ಚಿತ್ರೀಕರಣವನ್ನು ಮೂರು ವಾರ ಹುಡುಕಿದೆ. ಅದಿದ್ದ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಅಳಿಸಿ ಮುಂದಿನ ಚಿತ್ರಕ್ಕೆ ಬಳಸಿದ್ದೆ. ದನಿ ಸಿಗಲಿಲ್ಲ.